ಕೊಟೇಶನ್ ಹೋಗಿದೆ, ಗ್ರಾಹಕರಿಗೆ ಸಿಕ್ಕಿಲ್ಲ

ಪೀಣ್ಯದ ವರ್ಕ್‌ಶಾಪ್ ಇರಲಿ, ಕೊಡಗಿನ ಹೋಮ್‌ಸ್ಟೇ ಇರಲಿ, ಇಮೇಲ್‌ನಲ್ಲಿ ವ್ಯವಹರಿಸುವವರೆಲ್ಲ ಈ ಮಾತು ಹೇಳಿರುತ್ತಾರೆ: ‘ಕಳಿಸಿದ್ದೀವಲ್ಲ ಸಾರ್, ಒಂದ್ಸಲ ಸ್ಪ್ಯಾಮ್ ನೋಡಿ.’ ಎಷ್ಟು ಜನ ನೋಡುತ್ತಾರೆ? ಜಿಮೇಲ್ ಅಂತೂ 30 ದಿನ ಕಾದು ಅದನ್ನು ಅಳಿಸಿಹಾಕುತ್ತದೆ.

ಇದರ ಬೇರು ಹಳೆಯದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿ, ಕಳಿಸುವವರು ನಿಜಕ್ಕೂ ಅವರೇನಾ ಎಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರು ಬರೆದರೂ ಅಂಚೆ ಡಬ್ಬಿ ನುಂಗುತ್ತದಲ್ಲ, ಹಾಗೆ. ಈ ಕೊರತೆಯನ್ನು ಆಮೇಲೆ ತುಂಬಿದ್ದು ಮೂರು ತೇಪೆಗಳು. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಸಾರುತ್ತದೆ; ಡಿಕೆಐಎಂ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ; ಇವೆರಡೂ ತಾಳೆಯಾಗದ ಮೇಲ್ ಅನ್ನು ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. ಮೂರನ್ನೂ ಡೊಮೈನ್‌ನ ಡಿಎನ್‌ಎಸ್‌ನಲ್ಲಿ ದಾಖಲಿಸಬೇಕು. ವೆಬ್‌ಸೈಟ್ ಮಾಡಿಕೊಟ್ಟವರನ್ನೇ ಕೇಳಿ, ದೊಡ್ಡ ಕೆಲಸವೇನಲ್ಲ.

2024ರ ಫೆಬ್ರುವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಯಾಹೂ ಜೊತೆಗೂಡಿತು, 2025ರಲ್ಲಿ ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿಯಿತು. ಸಣ್ಣವರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಪೈಕಿ ಒಂದನ್ನಾದರೂ ಇಟ್ಟುಕೊಳ್ಳಲೇಬೇಕು.

ಇಷ್ಟಾದರೂ ಮೇಲ್ ಇನ್‌ಬಾಕ್ಸ್‌ಗೆ ಹೋಗುತ್ತದೆಂಬ ಖಾತ್ರಿಯಿಲ್ಲ. ಸಹಿ ಹೇಳುವುದು ನೀವು ಯಾರೆಂದು ಮಾತ್ರ. ನೀವು ಬೇಕಾದವರೋ ಅಲ್ಲವೋ ಎಂದು ತೀರ್ಮಾನಿಸುವುದು ಓದುಗರ ಬೆರಳು. ಗೂಗಲ್ ಹಾಕಿರುವ ಮಿತಿ ಶೇ 0.3, ಅಂದರೆ ಸಾವಿರಕ್ಕೆ ಮೂರು ಜನ ‘ಸ್ಪ್ಯಾಮ್’ ಗುಂಡಿ ಒತ್ತಿದರೂ ಅಪಾಯ. ಶೇ 0.1ರ ಒಳಗಿದ್ದರೆ ಕ್ಷೇಮ. ಹೀಗಿರುವಾಗ ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಡಗಿಸುವುದು ಶುದ್ಧ ಪೆದ್ದುತನ. ಬಿಟ್ಟುಹೋಗಲು ದಾರಿ ಕಾಣದವರು ದೂರಿನ ಗುಂಡಿಯನ್ನೇ ಒತ್ತುತ್ತಾರೆ.

ಅದಕ್ಕಿಂತ ಕೆಟ್ಟದ್ದು ವಿಳಾಸಗಳ ಪಟ್ಟಿ ಕೊಳ್ಳುವುದು. ಅಂಥ ಪಟ್ಟಿಗಳಲ್ಲಿ ಸತ್ತ ವಿಳಾಸಗಳ ಜೊತೆ, ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಒಡ್ಡಿದ ಬಲೆಯ ವಿಳಾಸಗಳೂ ಇರುತ್ತವೆ. ಅದಕ್ಕೆ ಸಿಕ್ಕಿಬಿದ್ದರೆ ಡೊಮೈನ್‌ನ ಹೆಸರು ಕೆಡುತ್ತದೆ. ಹಬ್ಬದ ಆಫರ್ ಜೊತೆಗೆ ಇನ್‌ವಾಯ್ಸ್ ಕೂಡ ಸ್ಪ್ಯಾಮ್ ಸೇರುತ್ತದೆ. ಪ್ರಚಾರದ ಮೇಲ್‌ಗೆ ಬೇರೆ ಸಬ್‌ಡೊಮೈನ್ ಇಟ್ಟುಕೊಳ್ಳುವುದು ಜಾಣತನ.

ನಿಮ್ಮ ಸ್ಥಿತಿ ತಿಳಿಯಬೇಕೇ? ಕಂಪನಿ ವಿಳಾಸದಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಎದುರೂ ‘ಪಾಸ್’ ಇಲ್ಲದಿದ್ದರೆ, ಮುಂದಿನ ಕೊಟೇಶನ್ ಕಳಿಸುವ ಮೊದಲು ಅದನ್ನು ಸರಿಮಾಡಿಸಿ.