ಹಳೆಯ ಟರ್ಬೊ ಕಾರಿನಲ್ಲಿ ಬೂಸ್ಟ್ ಏರಿಸುವ ಕ್ರಮ

ಸ್ವೀಡನ್ನಿನ ಸಾಬ್ ಕಂಪನಿಯ 1978ರ ಮಾದರಿಯ 99 ಟರ್ಬೊ ಕಾರಿನ ಎರಡು ಲೀಟರ್ ಎಂಜಿನ್ನಿನಲ್ಲಿ, ಹೊರಹೋಗುವ ಹೊಗೆಯ ಬಲದಿಂದಲೇ ತಿರುಗುವ ಟರ್ಬೊ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಆ ಒತ್ತಡ, ಅಂದರೆ ಬೂಸ್ಟ್, ಮಿತಿ ಮೀರದಂತೆ ಹೆಚ್ಚುವರಿ ಹೊಗೆಯನ್ನು ಬದಿಗೆ ಬಿಡುವ ಕವಾಟವೇ ವೇಸ್ಟ್‌ಗೇಟ್.

ಅದರ ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಬೂಸ್ಟ್ ಏರುವುದು ನಿಜ, ಆದರೆ ಹೆಚ್ಚು ಒತ್ತಿದಷ್ಟೂ ಗಾಳಿ ಕಾಯುವುದರಿಂದ, ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ತಲುಪುವ ಮೊದಲೇ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವ, ಪಿಸ್ಟನ್ನನ್ನೇ ಒಡೆಯಬಲ್ಲ ‘ನಾಕಿಂಗ್’ ಎಂಬ ಅಪಾಯವೂ ಜೊತೆಗೇ ಏರುತ್ತದೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್, ಪೆಟ್ರೋಲಿನ ಒತ್ತಡ ಹಾಗೂ ರಬ್ಬರ್ ಹೋಸ್‌ಗಳ ಬಿರುಕುಗಳನ್ನು ಪರೀಕ್ಷಿಸಿ, ನಂಬಬಹುದಾದ ಬೂಸ್ಟ್ ಗೇಜ್ ಕೂರಿಸುವುದು ಅನಿವಾರ್ಯ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಕಾರಿಗೆ ಅದನ್ನೇ ಮೊದಲು ಅಳವಡಿಸುವುದು ವಿವೇಕ. ಬಳಿಕ 0.05 ಬಾರ್‌ನಷ್ಟು ಸಣ್ಣ ಹಂತಗಳಲ್ಲಿ ಏರಿಸುತ್ತ, ಮಿಶ್ರಣದಲ್ಲಿ ಪೆಟ್ರೋಲ್ ಸಾಕಷ್ಟಿದೆಯೆಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿನಿಂದ ಖಚಿತಪಡಿಸಿಕೊಂಡು, ಪ್ರತಿ ಸಲವೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಅದರ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳೋ ಅಲ್ಯೂಮಿನಿಯಮ್ಮಿನ ಮಿನುಗುವ ಕಣಗಳೋ ಕಂಡರೆ ಬೂಸ್ಟನ್ನು ಕೂಡಲೇ ಇಳಿಸತಕ್ಕದ್ದು.

ಸಾಬ್ ಎಂಜಿನಿಯರುಗಳು ಮುಂದೆ ಹಿಡಿದ ದಾರಿ ನಿಜಕ್ಕೂ ಮೆಚ್ಚುವಂಥದ್ದು: 1982ರ ಮಾದರಿಯ 900 ಟರ್ಬೊದಲ್ಲಿ ಬಂದ ಎಪಿಸಿ ವ್ಯವಸ್ಥೆಯು ನಾಕಿಂಗಿನ ಕಂಪನವನ್ನು ಸೆನ್ಸರಿನಿಂದ ಗ್ರಹಿಸಿ ಬೂಸ್ಟನ್ನು ತಾನೇ ತಗ್ಗಿಸುತ್ತಿದ್ದುದರಿಂದ, ಕಂಪ್ರೆಷನ್ ಅನುಪಾತವನ್ನು 7.2ರಿಂದ 8.5ಕ್ಕೆ ಏರಿಸುವುದು ಸಾಧ್ಯವಾಯಿತು. ಆ ವ್ಯವಸ್ಥೆ ಇಲ್ಲದ 99 ಟರ್ಬೊದಲ್ಲಿ, ಬೂಸ್ಟ್ ಒತ್ತಡ ಮಿತಿ ಮೀರಿದಾಗ ಪೆಟ್ರೋಲ್ ಪಂಪನ್ನು ನಿಲ್ಲಿಸುವ ಸ್ವಿಚ್ಚನ್ನು ಮಾತ್ರ, ಬೂಸ್ಟ್ ಎಷ್ಟೇ ಏರಿಸಿದರೂ, ಯಾವ ಕಾರಣಕ್ಕೂ ಕಿತ್ತುಹಾಕಕೂಡದು.