ಕಾಫಿಯ ರುಚಿ ಹುಟ್ಟುವುದೆಲ್ಲಿ?

ಕ್ರೋಂಪೇಟೆಯ ನಮ್ಮ ಕನ್ನಡ ಮನೆಗಳಲ್ಲಿ ಬೆಳಗಾಗುವುದೇ ಫಿಲ್ಟರ್ ಕಾಫಿಯ ಘಮದಿಂದ. ಡಿಕಾಕ್ಷನ್ ರುಚಿಸದಿದ್ದರೆ ನಾವು ಪುಡಿಯಂಗಡಿಯನ್ನು ದೂರುತ್ತೇವೆ. ಆದರೆ ರುಚಿಯ ಬಹುಪಾಲು ನಮ್ಮ ತವರಿನ ಬೆಟ್ಟಗಳಲ್ಲೇ ತೀರ್ಮಾನವಾಗಿರುತ್ತದೆ.

ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರೆಂಬುದು ಐತಿಹ್ಯ. ಚಿಕ್ಕಮಗಳೂರು, ಕೊಡಗುಗಳಲ್ಲಿ ಕಾಫಿ ಇಂದಿಗೂ ಮರಗಳ ನೆರಳಿನಲ್ಲೇ ಬೆಳೆಯುತ್ತದೆ. ಎತ್ತರದ ತಂಪಿನಲ್ಲಿ ಅರೇಬಿಕಾ ಹಣ್ಣು ನಿಧಾನವಾಗಿ ಮಾಗುತ್ತದೆ. ಸುವಾಸನೆ, ನವಿರಾದ ಹುಳಿ ಕೂಡುವುದು ಆ ನಿಧಾನದಿಂದಲೇ. ತಗ್ಗಿನಲ್ಲಿ ಬೆಳೆಯುವ ರೋಬಸ್ಟಾ ಕಹಿಯಲ್ಲೂ ಗಟ್ಟಿತನದಲ್ಲೂ ಮುಂದು.

ಕೊಯ್ದ ಮೇಲೆ ದಾರಿ ಎರಡು. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ಬಿಡಲು ಸುಮಾರು 24ರಿಂದ 36 ಗಂಟೆ ಹುಳಿಸಿ, ತೊಳೆದು ಒಣಗಿಸಿದ್ದು ಅಂಗಡಿಯಲ್ಲಿ 'ಪ್ಲಾಂಟೇಷನ್' ಎನಿಸುತ್ತದೆ. ಅದರ ರುಚಿ ತಿಳಿ. ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದ್ದು 'ಚೆರ್ರಿ'. ಅದರ ರುಚಿ ದಟ್ಟ. ಎರಡಕ್ಕೂ ಕೆಂಪು ಹಣ್ಣೇ ಬೇಕು. ಹಸಿಕಾಯಿ ಬೆರೆತರೆ ಒಗರು, ಹುಳಿಸುವುದು ಮಿತಿಮೀರಿದರೆ ನಾತ. ಮಾಗಿದ್ದನ್ನಷ್ಟೇ ಬಿಡಿಸಲು ಒಂದೇ ಗಿಡಕ್ಕೆ ಮತ್ತೆ ಮತ್ತೆ ಕೈಯಿಡಬೇಕು. ಒಳ್ಳೆಯ ಕಾಫಿಯ ಬೆಲೆಯಲ್ಲಿ ಆ ಕೂಲಿಯೂ ಸೇರಿದೆ.

ಮುಂದಿನ ಸಲ ಪುಡಿ ಮಾಡಿಸುವಾಗ 'ಪ್ಲಾಂಟೇಷನ್ನೋ, ಚೆರ್ರಿಯೋ? ಚಿಕೋರಿ ಎಷ್ಟು?' ಎಂದು ಕೇಳೋಣ. ಆರಿಸಿ ಬಿಡಿಸಿದವರ ಶ್ರಮವೆಲ್ಲ ಚಿಕೋರಿಯಲ್ಲಿ ಮುಳುಗದಿರಲಿ.