ನಾಯಿಮರಿಯ ದೇಹಧರ್ಮವೂ ಮನೆಯ ನೆಲವೂ

ಪಮೇರಿಯನ್, ಪಗ್, ಶಿತ್ಸು ಮೊದಲಾದ ಕಿರುತಳಿಗಳ ಮರಿಯನ್ನು ಅಕ್ಕರೆಯಿಂದ ಮನೆಗೆ ತಂದವರ ದೂರು ಪ್ರಾಯಶಃ ಒಂದೇ ಬಗೆಯದು: ಅಂಗಳದಲ್ಲಿ ಎಷ್ಟು ಹೊತ್ತು ಸುತ್ತಾಡಿಸಿದರೂ ಸುಮ್ಮನಿದ್ದ ಪ್ರಾಣಿ, ಹೊಸಿಲು ದಾಟಿದೊಡನೆಯೆ ಚಾಪೆಯ ಮೇಲೆ ಉಚ್ಚೆ ಹೊಯ್ಯುತ್ತದೆ. ಇದನ್ನು ಹಟಮಾರಿತನವೆನ್ನುವವರುಂಟು, ದಡ್ಡತನವೆನ್ನುವವರೂ ಉಂಟು. ಆದರೆ ಆ ಪುಟ್ಟ ಜೀವದ ತೊಡಕು ಬುದ್ಧಿಗಿಂತ ಹೆಚ್ಚಾಗಿ ಅಳತೆಗೆ ಸಂಬಂಧಿಸಿದ್ದು.

ಹುಟ್ಟಿದ ಮರಿಗೆ ತಾನಾಗಿಯೇ ಮಲಮೂತ್ರ ವಿಸರ್ಜಿಸುವ ಶಕ್ತಿಯೂ ಇರುವುದಿಲ್ಲ. ತಾಯಿ ಅದರ ಕಿಬ್ಬೊಟ್ಟೆಯ ಕೆಳಭಾಗವನ್ನು ನೆಕ್ಕಿ ಪ್ರಚೋದಿಸಿದಾಗ ಮಾತ್ರ ಆ ಕ್ರಿಯೆ ನಡೆಯುತ್ತದೆ, ಹೊರಬಂದುದನ್ನು ತಾಯಿಯೇ ನೆಕ್ಕಿ ಗೂಡನ್ನು ಶುಚಿಯಾಗಿಡುತ್ತಾಳೆ. ಸುಮಾರು ಮೂರು ವಾರಗಳಾಗಿ ಕಾಲಿಗೆ ಬಲ ಬಂದ ಮೇಲೆ ಮರಿ ತೊದಲ್ನಡೆಯಿಂದ ಗೂಡಿನಾಚೆಗೆ ಸರಿದು ಆ ಕೆಲಸ ಮುಗಿಸಲಾರಂಭಿಸುತ್ತದೆ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಐದು ತಳಿಗಳ ಮರಿಗಳನ್ನು ದೀರ್ಘಕಾಲ ಅವಲೋಕಿಸಿ 1965ರಲ್ಲಿ ಗ್ರಂಥವನ್ನು ಪ್ರಕಟಿಸಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು, ಎಂಟೂವರೆ ವಾರಗಳ ಸುಮಾರಿಗೆ ಮರಿಗಳು ಇದಕ್ಕಾಗಿ ನಿರ್ದಿಷ್ಟ ಸ್ಥಳಗಳನ್ನು ಆರಿಸಿಕೊಳ್ಳತೊಡಗುವುದನ್ನು ಗುರುತಿಸಿದರು. ಆಗ ಅಂಗಾಲಿಗೆ ತಾಕಿದ ನೆಲ ಯಾವುದೋ ಅದೇ ಮುಂದೆ ಪ್ರಿಯವಾಗುತ್ತದೆ. ಹಳೆಯ ವೃತ್ತಪತ್ರಿಕೆಯ ಮೇಲೆ ಬೆಳೆದ ಮರಿಗೆ ಮಣ್ಣು ಅಪರಿಚಿತವಾಗಿ ತೋರಿದರೆ ಸೋಜಿಗವೇನು?

ಗೂಡನ್ನು ಕೆಡಿಸಬಾರದೆಂಬ ಈ ಸಹಜಪ್ರವೃತ್ತಿಗೆ ಒಂದು ಎಲ್ಲೆಯುಂಟು: ಅದು ಮರಿ ತನ್ನ ಮಲಗುವ ತಾಣವೆಂದು ಬಗೆದ ಅಲ್ಪ ಜಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಒಂದು ಕಿಲೋ ತೂಗುವ ಜೀವಿಗೆ ನಮ್ಮ ನಡುಮನೆಯೇ ಒಂದು ಬಯಲು. ಸೋಫಾದ ಹಿಂದಿನ ಮೂಲೆ ಅದರ ಎಣಿಕೆಯಲ್ಲಿ ಗೂಡಿನಿಂದ ಬಹುದೂರ, ಎಂದರೆ ಹೊರಗೇ ಸರಿ. ಆದಕಾರಣ ಮೊದಲು ಅದನ್ನು ಒಂದು ಸಣ್ಣ ಆವರಣದೊಳಗಿಟ್ಟು, ಅಭ್ಯಾಸ ನೆಲೆಗೊಂಡಂತೆ ಒಂದೊಂದೇ ಕೋಣೆಯನ್ನು ತೆರೆಯುತ್ತ ಹೋಗುವುದು ಯುಕ್ತ. ಅಳತೆಯ ಇನ್ನೊಂದು ಮುಖ ದೇಹದೊಳಗಿದೆ. ಪ್ರಾಣಿಯ ಶಕ್ತಿವ್ಯಯವು ತೂಕಕ್ಕೆ ನೇರ ಪ್ರಮಾಣದಲ್ಲಿರದೆ, ಸರಿಸುಮಾರು ಅದರ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುವುದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿದನು. ಅಂದರೆ ಪ್ರತಿ ಕಿಲೋ ತೂಕಕ್ಕೆ ಸಣ್ಣ ಪ್ರಾಣಿ ಹೆಚ್ಚು ಉರಿಸುತ್ತದೆ, ಹೆಚ್ಚು ಸಲ ಉಣ್ಣಬೇಕಾಗುತ್ತದೆ. ಪ್ರತಿ ಊಟದಿಂದಲೂ ಜಠರ ಹಿಗ್ಗಿದೊಡನೆ ಬೃಹದಂತ್ರ ಸಂಕೋಚಿಸುವುದು ಇಚ್ಛೆಗೆ ಒಳಪಡದ ಕ್ರಿಯೆ. ಮೂತ್ರಕೋಶವೋ ಕಿರಿದು, ಅದರ ದ್ವಾರದ ಮೇಲಿನ ಹಿಡಿತವೋ ಇನ್ನೂ ಅಪಕ್ವ. ಎಷ್ಟು ತಿಂಗಳ ವಯಸ್ಸೋ ಅದಕ್ಕೆ ಒಂದನ್ನು ಕೂಡಿಸಿದಷ್ಟು ಗಂಟೆ ತಡೆಯಬಲ್ಲುದೆಂದು ನಾಯಿ ಸಾಕುವವರ ರೂಢಿಯ ಲೆಕ್ಕ. ಕಿರುತಳಿಗೆ ಅದರಲ್ಲಿಯೂ ಒಂದಿಷ್ಟು ಕಳೆಯುವುದೇ ಕ್ಷೇಮ.

ಉಂಡ ಮರಿಯನ್ನು ಹತ್ತಿರ ಕುಳಿತು ನೋಡಿರಿ. ತಟ್ಟೆ ನೆಕ್ಕಿ ಮುಗಿಸಿ, ಬಾಲವಾಡಿಸಿ, ಚಿಂದಿಯೊಂದನ್ನು ಎಳೆದಾಡುತ್ತದೆ. ಕೆಲವು ನಿಮಿಷಗಳಲ್ಲಿ ಆಟವನ್ನು ಅರ್ಧಕ್ಕೆ ಬಿಟ್ಟು, ಮೂಗನ್ನು ನೆಲಕ್ಕೆ ಹಚ್ಚಿ, ಒಂದೆರಡು ಸುತ್ತು ತಿರುಗಿ ಹಿಂಗಾಲನ್ನು ಮಡಿಸುತ್ತದೆ. ಆ ಸುತ್ತು ಮೊದಲಾಗುವಾಗಲೇ ಎತ್ತಿಕೊಂಡು ನಿಯತ ಸ್ಥಳಕ್ಕೆ ಒಯ್ಯಬೇಕು. ನಿದ್ದೆಯಿಂದೆದ್ದಾಗಲೂ ಇದೇ ಕ್ರಮ. ಕೆಲಸ ಮುಗಿದ ಕ್ಷಣದಲ್ಲಿಯೇ ಒಂದು ಚೂರು ತಿಂಡಿ ಸಲ್ಲಬೇಕು, ಒಳಗೆ ಬಂದ ಮೇಲಲ್ಲ. ಏಕೆಂದರೆ ಫಲವು ಕ್ರಿಯೆಗೆ ಅಂಟಿಕೊಂಡು ಬಂದರೆ ಮಾತ್ರ ಪ್ರಾಣಿ ಅವೆರಡನ್ನೂ ಜೋಡಿಸಿಕೊಳ್ಳುತ್ತದೆ.

ಮೂತಿಯನ್ನು ಕೊಳೆಗೆ ಉಜ್ಜಿ ಏಟು ಹಾಕುವ ಹಳೆಯ ಪದ್ಧತಿ ಕ್ರೂರವಾದುದಷ್ಟೇ ಅಲ್ಲ, ನಿಷ್ಪ್ರಯೋಜಕವೂ ಹೌದು. ಗದರಿಸಿದಾಗ ಕಿವಿ ಮಡಿಚಿ ತಲೆ ತಗ್ಗಿಸುವುದನ್ನು ಕಂಡು ‘ತಪ್ಪು ತಿಳಿಯಿತು’ ಎಂದು ನಾವು ತೃಪ್ತಿಪಡುತ್ತೇವೆ. ಆದರೆ ನಾಯಿಗಳ ವರ್ತನೆಯನ್ನು ಅಭ್ಯಸಿಸುವ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ತಪ್ಪನ್ನೂ ಮಾಡದ ನಾಯಿಗಳು ಕೂಡ ಒಡೆಯ ಗದರಿಸಿದಾಗ ಅದೇ ಮುಖಮುದ್ರೆಯನ್ನು ತಾಳಿದವು. ಬೈಗುಳದಿಂದ ಮರಿ ಕಲಿಯುವ ಪಾಠ ಒಂದೇ: ಯಜಮಾನನ ಕಣ್ಣೆದುರು ಹೊಯ್ಯುವುದು ಅಪಾಯ. ಅಂಗಳದಲ್ಲಿ ಬಿಗಿಹಿಡಿದು ನಿಂತು, ಒಳಗೆ ಬಂದು ಮಂಚದಡಿಗೆ ನುಸುಳುವ ಮರಿಗಳಲ್ಲಿ ಹಲವು ಈ ಶಿಕ್ಷಣದ ಪದವೀಧರರೇ!

ಕೊಳೆಯಾದ ನೆಲಕ್ಕೆ ಫಿನಾಯಿಲ್ ಸುರಿದರೆ ನಮ್ಮ ಮೂಗಿಗೆ ಸಮಾಧಾನವಾದೀತು, ನಾಯಿಯ ಮೂಗು ಅಷ್ಟಕ್ಕೆ ಮೋಸಹೋಗದು; ಉಳಿದ ವಾಸನೆ ಅದನ್ನು ಮತ್ತೆ ಅಲ್ಲಿಗೇ ಸೆಳೆಯುತ್ತದೆ. ಮೂತ್ರದಲ್ಲಿನ ಯೂರಿಯಾ ಬ್ಯಾಕ್ಟೀರಿಯಾಗಳಿಂದ ವಿಘಟಿತವಾಗಿ ಅಮೋನಿಯ ಉಂಟಾಗುವುದರಿಂದ, ಅಮೋನಿಯವುಳ್ಳ ಮಾರ್ಜಕಗಳಂತೂ ಬೇಡವೇ ಬೇಡ. ಕಲೆಯಲ್ಲಿನ ಜೈವಿಕ ದ್ರವ್ಯಗಳನ್ನೇ ಒಡೆಯುವ ಕಿಣ್ವಯುಕ್ತ ಮಾರ್ಜಕ ಹೆಚ್ಚು ಫಲಕಾರಿ.

ಬೆಂಗಳೂರಿನ ಬಹುಮಹಡಿ ಮನೆಗಳವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. 1978ರಲ್ಲಿ ಮೊದಲು ಗುರುತಿಸಲ್ಪಟ್ಟ, ಮರಿಗಳಿಗೆ ಮಾರಕವಾಗಬಲ್ಲ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದಾದ್ದರಿಂದ, ಸುಮಾರು ಹದಿನಾರು ವಾರಗಳಲ್ಲಿ ಲಸಿಕೆಗಳ ಸರಣಿ ಮುಗಿಯುವವರೆಗೆ ಬೀದಿಯ ನೆಲ ಮರಿಗೆ ಸಲ್ಲದು. ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಹುಲ್ಲುಹಾಸಿನ ಒಂದು ತಟ್ಟೆ ಸಾಕು. ಅದರಿಂದ ಮುಂದೆ ಹುಲ್ಲಿನ ಪರಿಚಯವೂ ಆದಂತಾಯಿತು. ಅತಿಥಿಗಳನ್ನು ಕಂಡು ನೆಲಕ್ಕೆ ಕುಸಿದು ಒಂದೆರಡು ಹನಿ ಬಿಡುವ ಮರಿಯನ್ನು ಈ ಪಾಠಕ್ಕೆ ಸೇರಿಸಬೇಕಿಲ್ಲ. ಅದು ವಿನಯಸೂಚನೆ, ಬೆಳೆದಂತೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಚೆನ್ನಾಗಿ ಕಲಿತ ಮರಿ ಹಠಾತ್ತಾಗಿ ಗಳಿಗೆಗೊಮ್ಮೆ ಹನಿಹನಿಯಾಗಿ ಹೊಯ್ಯತೊಡಗಿದರೆ ಮಾತ್ರ ಮೂತ್ರನಾಳದ ಸೋಂಕನ್ನು ಶಂಕಿಸಿ ಪಶುವೈದ್ಯರಲ್ಲಿಗೆ ಕೊಂಡೊಯ್ಯತಕ್ಕದ್ದು.